ಸಮುದಾಯ ಬೀಜ ಬ್ಯಾಂಕ್

ನಾಟಿ ತಳಿಗಳ ಬೀಜವನ್ನು ರೈತರೇ ಕೂಡಿಟ್ಟು, ಹಂಚಿಕೊಂಡು, ಬಿತ್ತಿ ಉಳಿಸಿಕೊಳ್ಳುವ ಊರೊಟ್ಟಿನ ಏರ್ಪಾಡು. ಇಲ್ಲಿ ಸಾಲವೂ ಬೀಜ, ಬಡ್ಡಿಯೂ ಬೀಜ: ಒಯ್ದದ್ದಕ್ಕಿಂತ ಹೆಚ್ಚು, ಹಲವೆಡೆ ಎರಡರಷ್ಟು, ಸುಗ್ಗಿಯ ನಂತರ ಹಿಂದಿರುಗಿಸಬೇಕು. ಒಣಗಿಸಿದ ಬೀಜಕ್ಕೆ ಬೂದಿ, ಬೇವಿನೆಲೆ ಬೆರೆಸಿ ಮಡಕೆಯಲ್ಲಿಡುವುದು ಹಳೆಯ ರೂಢಿ.

ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನ ರಾಹಿಬಾಯಿ ಪೋಪೆರೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರೆ, ಭತ್ತ, ತರಕಾರಿಗಳ ನಾಟಿ ಬೀಜ ಕಾಪಾಡಿ ‘ಬೀಜಮಾತೆ’ ಎನಿಸಿಕೊಂಡ ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಮಂಡ್ಯ ಜಿಲ್ಲೆಯ ಕಿರುಗಾವಲಿನ ಸೈಯದ್ ಘನಿ ಖಾನ್ ನೂರಾರು ಭತ್ತದ ತಳಿಗಳನ್ನು ಗದ್ದೆಯಲ್ಲೇ ಬೆಳೆದು ಉಳಿಸಿದ್ದಾರೆ. ಶೀತಲಗೃಹದ ಬೀಜ ನಿದ್ದೆಯಲ್ಲಿರುತ್ತದೆ. ಗದ್ದೆಯದು ಬದಲಾಗುವ ಮಳೆ, ಕೀಟಗಳಿಗೆ ಒಗ್ಗುತ್ತಲೇ ಇರುತ್ತದೆ.

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ರೈತರು ತಾವು ಬೆಳೆದ ಬೀಜವನ್ನು ಉಳಿಸಬಹುದು, ಹಂಚಬಹುದು, ಮಾರಲೂಬಹುದು. ಸಂರಕ್ಷಿತ ತಳಿಯನ್ನು ಬ್ರ್ಯಾಂಡ್ ಹೆಸರಲ್ಲಿ ಮಾರುವಂತಿಲ್ಲ, ಅಷ್ಟೇ.