ಲಾಗ್‌ಬುಕ್ಕಿನ ಲೆಕ್ಕ, ರೆಸಿಡೆಂಟರ ಸಾಮರ್ಥ್ಯ: ಬೆಂಗಳೂರಿನ ಹೊರವಲಯದಲ್ಲಿ ತಜ್ಞವೈದ್ಯರ ತರಬೇತಿಯ ಕಾಲು ಶತಮಾನ

ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣಕ್ಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2000ದಲ್ಲಿ ಹೊರಡಿಸಿದ ನಿಯಮಾವಳಿ ಒಂದು ಗುರಿಯನ್ನು ಸ್ಪಷ್ಟವಾಗಿಯೇ ಹೇಳಿತ್ತು: ತಜ್ಞರಾಗಿ ಹೊರಬರುವವರು ತಮ್ಮ ವಿಭಾಗದ ಬಹುಪಾಲು ಸಾಮರ್ಥ್ಯಗಳನ್ನು ಕೈವಶ ಮಾಡಿಕೊಂಡಿರಬೇಕು. ಆ ಸಾಮರ್ಥ್ಯವನ್ನು ಅಳೆಯಲು ಅದು ಗೊತ್ತುಮಾಡಿದ್ದು ಮಾತ್ರ ಹಳೆಯ ದಾರಿಯನ್ನೇ. ಮೂರು ವರ್ಷ ಮುಗಿದ ಮೇಲೆ ಲಿಖಿತ ಪರೀಕ್ಷೆ, ಕ್ಲಿನಿಕಲ್ ಪರೀಕ್ಷೆ, ವೈವಾ. ನಡುವಿನ ದಿನಗಳಿಗೆ ಒಂದು ಲಾಗ್‌ಬುಕ್. ಮಾಡಿದ ಕೆಲಸವನ್ನು, ಜೊತೆಗೆ ನಿಂತು ನೆರವಾದ ಮತ್ತು ಸ್ವತಂತ್ರವಾಗಿ ಮಾಡಿದ ಶಸ್ತ್ರಕ್ರಿಯೆಗಳನ್ನು ರೆಸಿಡೆಂಟರೇ, ಅಂದರೆ ತರಬೇತಿಯಲ್ಲಿರುವ ವೈದ್ಯರೇ, ಅದರಲ್ಲಿ ಬರೆಯಬೇಕು, ಅಧ್ಯಾಪಕರು ಪರಿಶೀಲಿಸಬೇಕು. ಗುರಿ ಹೊಸದು, ಅಳತೆಗೋಲು ಹಳೆಯದು. ಅಂದಿನಿಂದ ಇಂದಿನವರೆಗಿನ ಇತಿಹಾಸವನ್ನು ಈ ಬಿರುಕಿನ ಮೂಲಕವೇ ಓದಬೇಕೆಂಬುದು ಈ ಲೇಖನದ ವಾದ. ರೆಸಿಡೆಂಟರು ರೋಗಿಯ ಮುಂದೆ ಮಾಡುವ ಕೆಲಸವನ್ನು ಗುರು ಕಣ್ಣಾರೆ ನೋಡಿ ದಾಖಲಿಸುವವರೆಗೆ ಪಠ್ಯಕ್ರಮದ ಹೆಸರು ಎಷ್ಟು ಬಾರಿ ಬದಲಾದರೂ ಮೌಲ್ಯಮಾಪನ ಬದಲಾದಂತಲ್ಲ.

ಬೆಂಗಳೂರಿಗೆ ಸ್ನಾತಕೋತ್ತರ ತರಬೇತಿ ಹೊಸದೇನಲ್ಲ. 1954ರಲ್ಲಿ ಇಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮರುವರ್ಷವೇ ಡಿಪ್ಲೊಮಾ ಶಿಕ್ಷಣ ಕೊಡತೊಡಗಿತು. ಆ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್‌ನಲ್ಲಿ ಸೇರಿಹೋಯಿತು. ಆದರೆ ಹೊರವಲಯದ ಕಥೆಗೆ ಬೇರೆ ಮೂಲವಿದೆ. 1975ರಲ್ಲಿ ಹುಟ್ಟಿ 1982ರಲ್ಲಿ ಸ್ವಾಯತ್ತವಾದ ರಾಷ್ಟ್ರೀಯ ಪರೀಕ್ಷಾ ಮಂಡಳಿ, ವೈದ್ಯಕೀಯ ಕಾಲೇಜಿನ ಹಂಗಿಲ್ಲದ ಆಸ್ಪತ್ರೆಗಳಿಗೂ ಡಿಎನ್‌ಬಿ ಪದವಿಯ ಮೂಲಕ ತಜ್ಞರನ್ನು ತರಬೇತುಗೊಳಿಸುವ ಬಾಗಿಲು ತೆರೆಯಿತು. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1970ರ ದಶಕದ ಕೊನೆಗೆ ಕಟ್ಟತೊಡಗಿದ ಎಲೆಕ್ಟ್ರಾನಿಕ್ ಸಿಟಿಯ ಆಚೆಗೆ, ಬೊಮ್ಮಸಂದ್ರದಲ್ಲಿ, ಡಾ. ದೇವಿ ಶೆಟ್ಟಿಯವರ ನಾರಾಯಣ ಹೃದಯಾಲಯ ಈ ಶತಮಾನದ ಆರಂಭದಲ್ಲಿ ತಲೆಯೆತ್ತಿತು. ವೈಟ್‌ಫೀಲ್ಡ್‌ನಲ್ಲಿ 2001ರ ಜನವರಿ 19ರಂದು ಶ್ರೀ ಸತ್ಯಸಾಯಿ ಉನ್ನತ ವೈದ್ಯಕೀಯ ವಿಜ್ಞಾನ ಸಂಸ್ಥೆ ಉದ್ಘಾಟನೆಗೊಂಡಿತು. ಅಲ್ಲಿ ಹೃದಯದ ಮತ್ತು ಮಿದುಳಿನ ಶಸ್ತ್ರಚಿಕಿತ್ಸೆಗೆ ರೋಗಿಯಿಂದ ಹಣ ಪಡೆಯುವುದಿಲ್ಲ. ಎರಡೂ ಕಡೆ ಡಿಎನ್‌ಬಿ ರೆಸಿಡೆಂಟರು ಕಲಿತರು. ಇದೇ ಹೊತ್ತಿಗೆ ವೈಟ್‌ಫೀಲ್ಡ್‌ನ ವೈದೇಹಿ ಸಂಸ್ಥೆ, 1996ರಲ್ಲಿ ಕೆಲಸ ಆರಂಭಿಸಿದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಕಾಲೇಜಿನ ದಾರಿ ಹಿಡಿಯಿತು. ಹತ್ತಾರು ಮೈಲಿಯೊಳಗೆ, ಒಂದೇ ಕಾಲದಲ್ಲಿ, ಎರಡು ಬಗೆಯ ತರಬೇತಿ ವ್ಯವಸ್ಥೆಗಳು ಬೆಳೆದವು. ಎರಡೂ ವ್ಯವಸ್ಥೆಗಳು ಲಾಗ್‌ಬುಕ್ಕನ್ನು ನೆಚ್ಚಿಕೊಂಡವು.

ಹೊರಗಿನ ಜಗತ್ತಿನಲ್ಲಿ ಅಷ್ಟರೊಳಗೆ ಚರ್ಚೆ ಬಹಳ ಮುಂದೆ ಹೋಗಿತ್ತು. ಮೆಗಾಗಿ ಮತ್ತು ಸಂಗಡಿಗರು ಸಾಮರ್ಥ್ಯಾಧಾರಿತ ಪಠ್ಯಕ್ರಮದ ಬಗ್ಗೆ ಬರೆದ ಪುಸ್ತಕವನ್ನು ವಿಶ್ವ ಆರೋಗ್ಯ ಸಂಸ್ಥೆ 1978ರಲ್ಲೇ ಪ್ರಕಟಿಸಿತ್ತು. 1990ರಲ್ಲಿ ಜಾರ್ಜ್ ಮಿಲ್ಲರ್ ವೈದ್ಯರ ಕಲಿಕೆಯನ್ನು ನಾಲ್ಕು ಮೆಟ್ಟಿಲಾಗಿ ವಿಂಗಡಿಸಿದರು: ವಿಷಯ ಗೊತ್ತಿರುವುದು, ಹೇಗೆಂದು ಗೊತ್ತಿರುವುದು, ಮಾಡಿ ತೋರಿಸುವುದು, ನಿತ್ಯದ ಕೆಲಸದಲ್ಲಿ ನಿಜವಾಗಿ ಮಾಡುವುದು. ಲಿಖಿತ ಪರೀಕ್ಷೆ ಮುಟ್ಟುವುದು ಮೊದಲೆರಡನ್ನು. 1975ರಲ್ಲಿ ಡಂಡಿಯಿಂದ ರೊನಾಲ್ಡ್ ಹಾರ್ಡನ್ ಪರಿಚಯಿಸಿದ, ಕೌಶಲವನ್ನು ಮಾಡಿಸಿ ನೋಡುವ ಓಸ್ಕಿ (OSCE) ಪರೀಕ್ಷೆ ಮೂರನೆಯದನ್ನು ಮುಟ್ಟುತ್ತದೆ. ನಾಲ್ಕನೆಯದಕ್ಕೆ ವಾರ್ಡಿನಲ್ಲೇ ನಿಂತು ನೋಡುವುದರ ಹೊರತು ಬೇರೆ ದಾರಿಯಿಲ್ಲ.

ಹಾಗಾದರೆ ಲಾಗ್‌ಬುಕ್ ಏನನ್ನು ಅಳೆಯುತ್ತದೆ? ರೆಸಿಡೆಂಟರಿಗೆ ಒದಗಿದ ಅವಕಾಶವನ್ನು. ಅದು ಸಣ್ಣ ಸಂಗತಿಯಲ್ಲ. ನಾರಾಯಣ ಹೃದಯಾಲಯದಲ್ಲಿ 2008ರ ಒಂದೇ ವರ್ಷ 3,174 ಬೈಪಾಸ್ ಶಸ್ತ್ರಕ್ರಿಯೆಗಳು ನಡೆದವು. ಅಮೆರಿಕದ ಹೆಸರಾಂತ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಆ ವರ್ಷದ ಸಂಖ್ಯೆಯ ಎರಡು ಪಟ್ಟಿಗೂ ಹೆಚ್ಚು. ಇಂಥಲ್ಲಿ ಕಲಿಯುವವರ ಕಣ್ಣಿಗೆ ಬೀಳುವ ಕೇಸುಗಳ ವೈವಿಧ್ಯ ಬೇರೆಡೆ ದುರ್ಲಭ. ಅಪಾಯವೂ ಇಲ್ಲಿಯೇ ಇದೆ: ಸಂಖ್ಯೆ ದೊಡ್ಡದಾದಷ್ಟೂ ಸಂಖ್ಯೆಯೇ ಸಾಮರ್ಥ್ಯವೆಂದು ತೋರತೊಡಗುತ್ತದೆ. ತರಬೇತಿಯ ಗುಣ ಬೇರೆ, ಪರೀಕ್ಷೆಯ ಅಂಕ ಬೇರೆ ಎಂಬುದಕ್ಕೆ 2009ರಲ್ಲಿ ಡೇವಿಡ್ ಆಶ್ ಮತ್ತು ಸಂಗಡಿಗರು ಅಮೆರಿಕದ ಫ್ಲಾರಿಡಾ, ನ್ಯೂಯಾರ್ಕ್ ರಾಜ್ಯಗಳ ಹೆರಿಗೆ ದಾಖಲೆಗಳಿಂದ ಒದಗಿಸಿದ ಸಾಕ್ಷ್ಯ ಬಲವಾದದ್ದು. ಕೊನೆಯ ಐದನೇ ಒಂದು ಭಾಗದ ರೆಸಿಡೆನ್ಸಿಗಳಲ್ಲಿ ಕಲಿತ ಪ್ರಸೂತಿ ತಜ್ಞರ ಕೈಯಲ್ಲಿ ತಾಯಂದಿರಿಗೆ ಗಂಭೀರ ತೊಡಕುಗಳು, ಮೇಲಿನ ಐದನೇ ಒಂದು ಭಾಗದವರಿಗಿಂತ ಸುಮಾರು ಮೂರನೇ ಒಂದರಷ್ಟು ಹೆಚ್ಚಿದ್ದವು. ವೈದ್ಯರ ಲೈಸೆನ್ಸ್ ಪರೀಕ್ಷೆಯ ಅಂಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ಅಂತರ ಅಳಿಯಲಿಲ್ಲ. ಅಂಕಪಟ್ಟಿಗೆ ಕಾಣದ ಏನೋ ಒಂದು ತರಬೇತಿಯೊಳಗೆ ನಡೆಯುತ್ತದೆ, ಅದು ದಶಕಗಳ ಕಾಲ ರೋಗಿಗಳನ್ನು ಹಿಂಬಾಲಿಸುತ್ತದೆ.

ಆ ಕಾಣದ ಭಾಗ ಯಾವುದೆಂದು ತಿಳಿಯಲು ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯಕ್ಕೆ ಬರಬೇಕು. ಎರಕದ ಮನೆ, ಪವರ್ ಪ್ರೆಸ್, ಲೇತ್, ಲೋಹಲೇಪನದ ಸಣ್ಣ ಘಟಕಗಳು ಒತ್ತೊತ್ತಾಗಿರುವ ಈ ಪ್ರದೇಶದ ವಿಮೆ ಪಡೆದ ಕಾರ್ಮಿಕರಿಗೆ ರಾಜಾಜಿನಗರದ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವೈದ್ಯಕೀಯ ಕಾಲೇಜು ಆಸ್ಪತ್ರೆ ದೂರವಲ್ಲ. ಅಲ್ಲಿಯೂ ಸ್ನಾತಕೋತ್ತರ ವಿದ್ಯಾರ್ಥಿಗಳು ಕಲಿಯುತ್ತಾರೆ. ಎರಕದ ಮನೆಯ ಮರಳಿನ ಧೂಳು ಕುಡಿದ ಒಬ್ಬರು ಕೆಮ್ಮು, ಉಬ್ಬಸವೆಂದು ಹೊರರೋಗಿ ವಿಭಾಗಕ್ಕೆ ಬರುತ್ತಾರೆ ಎಂದುಕೊಳ್ಳೋಣ. ಎಕ್ಸ್‌ರೇಯಲ್ಲಿ ಕಾಣುವ ನೆರಳು ಕ್ಷಯವೂ ಆಗಬಹುದು, ಸಿಲಿಕೋಸಿಸ್ಸೂ ಆಗಬಹುದು, ಎರಡೂ ಕೂಡಿರಬಹುದು. ತಿರುವು ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ಏನು ಕೆಲಸ ಮಾಡುತ್ತೀರಿ, ಎಷ್ಟು ವರ್ಷದಿಂದ? ಇಟಲಿಯ ರಾಮಾಝಿನಿ 1700ರಲ್ಲೇ ವೈದ್ಯರಿಗೆ ಕೇಳಲು ಹೇಳಿದ ಪ್ರಶ್ನೆ ಇದು. 1948ರ ಕಾರ್ಖಾನೆ ಕಾಯ್ದೆಯ 89ನೇ ಸೆಕ್ಷನ್ ಇಂಥ ರೋಗ ಕಂಡ ವೈದ್ಯರು ಮುಖ್ಯ ಕಾರ್ಖಾನೆ ನಿರೀಕ್ಷಕರಿಗೆ ವರದಿ ಮಾಡಬೇಕೆಂದು ವಿಧಿಸಿತ್ತು. ಲಾಗ್‌ಬುಕ್ಕಿನಲ್ಲಿ ಇದು ‘ದೀರ್ಘಕಾಲದ ಶ್ವಾಸಕೋಶ ರೋಗ, ಒಂದು ಕೇಸ್’ ಎಂದು ದಾಖಲಾಗುತ್ತದೆ. ಪ್ರಶ್ನೆ ಕೇಳಲಾಯಿತೇ, ಒಡಿಯಾ ಅಥವಾ ಹಿಂದಿ ಮಾತ್ರ ಬಲ್ಲ ವಲಸಿಗರಿಗೆ ಅದು ಅರ್ಥವಾಯಿತೇ, ಕೆಲಸ ಹೋದೀತೆಂಬ ಅಂಜಿಕೆಯನ್ನು ಗಮನಿಸಿ ಮಾತಾಡಲಾಯಿತೇ, ವರದಿ ಹೋಯಿತೇ ಎಂಬ ಯಾವುದಕ್ಕೂ ಅಲ್ಲಿ ಕಾಲಂ ಇಲ್ಲ. ಪ್ರೆಸ್ಸಿಗೆ ಸಿಕ್ಕಿ ಬೆರಳು ಜಜ್ಜಿಹೋದವರ ವಿಷಯವೂ ಹೀಗೆಯೇ. ಹೊಲಿಗೆಗಳು ಎಣಿಕೆಗೆ ಸಿಗುತ್ತವೆ. ಆ ಕೈ ಮತ್ತೆ ಕೆಲಸಕ್ಕೆ ಬರುವಂತೆ ಯೋಜಿಸಿದ್ದು, ಪರಿಹಾರಕ್ಕೆ ಬೇಕಾದ ಅಂಗವೈಕಲ್ಯದ ದಾಖಲೆಯನ್ನು ಸರಿಯಾಗಿ ಬರೆದದ್ದು ಸಿಗುವುದಿಲ್ಲ. ಕಾರ್ಮಿಕರ ಬದುಕಿಗೆ ಹೊಲಿಗೆಯಷ್ಟೇ ಮುಖ್ಯವಾದ ಈ ಸಾಮರ್ಥ್ಯಗಳನ್ನು ಐಚ್ಛಿಕವೆಂದು ಬಿಡುವುದು ಅನ್ಯಾಯ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ, ಗುರುವಿನ ನೋಟ ವೈಯಕ್ತಿಕ ಅಭಿಪ್ರಾಯ, ಅಂತಿಮ ಪರೀಕ್ಷೆಯಷ್ಟು ನಿಷ್ಪಕ್ಷಪಾತವಲ್ಲ ಎಂಬುದು. ಆಕ್ಷೇಪದಲ್ಲಿ ಹುರುಳಿದೆ. ತಮ್ಮ ಕೈಕೆಳಗೇ ಮೂರು ವರ್ಷ ದುಡಿದವರನ್ನು ಅನುತ್ತೀರ್ಣಗೊಳಿಸಲು ಮನಸ್ಸು ಒಪ್ಪದಿರುವುದು ಎಲ್ಲ ದೇಶಗಳಲ್ಲೂ ಕಂಡ ದೌರ್ಬಲ್ಯ. ಆದರೆ ಅಂತಿಮ ಪರೀಕ್ಷೆಯ ಲಾಂಗ್ ಕೇಸ್ ಎಷ್ಟು ನಿಷ್ಪಕ್ಷಪಾತ? ಒಬ್ಬ ರೋಗಿ, ಒಂದು ಬೆಳಗು. ಹೃದಯದ ಕವಾಟದ ಕೇಸಿನಲ್ಲಿ ಮಿಂಚಿದವರು ಮೂತ್ರಪಿಂಡದ ಕೇಸಿನಲ್ಲಿ ತಡವರಿಸಬಹುದು. ಒಂದರಲ್ಲಿನ ಸಾಧನೆ ಇನ್ನೊಂದರದ್ದನ್ನು ಮುಂಗಾಣಿಸದು. ಜಾನ್ ನಾರ್ಸಿನಿ 1995ರಲ್ಲಿ ಮುಂದಿಟ್ಟ ಮಿನಿ-ಸಿಇಎಕ್ಸ್ (mini-CEX) ವಿಧಾನ ಈ ಕೊರತೆಗೇ ಉತ್ತರ: ಬೇರೆ ಬೇರೆ ಗುರುಗಳು, ಬೇರೆ ಬೇರೆ ರೋಗಿಗಳ ಬಳಿ, ಹದಿನೈದು ಇಪ್ಪತ್ತು ನಿಮಿಷ ನೋಡಿ, ಅಲ್ಲಿಯೇ ತಿದ್ದಿ ಹೇಳುವುದು. ಒಂದೊಂದು ನೋಟ ದುರ್ಬಲವಾದರೂ ಹಲವು ನೋಟಗಳ ಒಟ್ಟು ಸಾಕ್ಷ್ಯ ದುರ್ಬಲವಲ್ಲ. ಹೊರಗಿನ ಪರೀಕ್ಷಕರು ಬರುವ ಅಂತಿಮ ಪರೀಕ್ಷೆಯನ್ನು ಕಿತ್ತೊಗೆಯಬೇಕೆಂದು ನಾನು ವಾದಿಸುತ್ತಿಲ್ಲ; ಸಂಸ್ಥೆಯ ಒಳಗಿನ ಮೃದುತ್ವಕ್ಕೆ ಅದು ಬೇಕಾದ ಕಡಿವಾಣ. ತೀರ್ಪೆಲ್ಲ ಅದರ ಮೇಲೆಯೇ ನಿಲ್ಲುವುದನ್ನು ಒಪ್ಪಲಾಗದು.

ಖಾಸಗಿ ಆಸ್ಪತ್ರೆಗಳ ಕಡೆಯಿಂದ ಬರುವ ಎರಡನೆಯ ಆಕ್ಷೇಪ ಹೆಚ್ಚು ಕಠಿಣವಾದದ್ದು. ಹಣ ಕೊಟ್ಟು ಹಿರಿಯ ತಜ್ಞರನ್ನೇ ಅರಸಿ ಬಂದ ರೋಗಿಯನ್ನು ಕಲಿಯುವವರ ಕೈಗೆ ಒಪ್ಪಿಸುವುದೆಂತು? 2005ರಲ್ಲಿ ಡಚ್ ವಿದ್ವಾಂಸ ಓಲೆ ಟೆನ್ ಕೇಟೆ ಕೊಟ್ಟ ‘ವಹಿಸಿಕೊಡಬಹುದಾದ ಕೆಲಸ’ ಎಂಬ ಕಲ್ಪನೆ ಇಲ್ಲಿ ನೆರವಿಗೆ ಬರುತ್ತದೆ. ರೆಸಿಡೆಂಟರು ಸಮರ್ಥರೇ ಎಂದು ಬೀಸುನೋಟದಲ್ಲಿ ಕೇಳುವ ಬದಲು, ಈ ಒಂದು ಕೆಲಸವನ್ನು ಅವರಿಗೆ ಯಾವ ಮಟ್ಟದ ಮೇಲ್ವಿಚಾರಣೆಯಲ್ಲಿ ಬಿಡಬಹುದು ಎಂದು ಕೇಳುವುದು: ಪಕ್ಕದಲ್ಲಿ ನಿಂತೇ, ಕರೆದರೆ ಬರುವಷ್ಟು ದೂರದಲ್ಲೇ, ಮರುದಿನದ ರೌಂಡ್ಸ್‌ನಲ್ಲಿ ನೋಡಿದರೆ ಸಾಕೇ? ಇದು ರೋಗಿಯ ಸುರಕ್ಷತೆಗೆ ವಿರೋಧಿಯಲ್ಲ, ಅದನ್ನು ಕಾಯುವ ಕ್ರಮವೇ. ರಾತ್ರಿ ಡ್ಯೂಟಿಯಲ್ಲಿ ಹೇಗೂ ಎಲ್ಲ ಕಡೆ ಕೆಲಸ ರೆಸಿಡೆಂಟರಿಗೆ ವಹಿಸಲ್ಪಡುತ್ತದೆ. ಆ ನಂಬಿಕೆಗೆ ಆಧಾರ ಬರವಣಿಗೆಯಲ್ಲಿರಲಿ ಎಂಬುದಷ್ಟೇ ಬೇಡಿಕೆ.

2020ರಲ್ಲಿ ಪರಿಷತ್ತಿನ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ತನ್ನ 2023ರ ಸ್ನಾತಕೋತ್ತರ ನಿಯಮಾವಳಿಯಲ್ಲಿ ಸಾಮರ್ಥ್ಯಾಧಾರಿತ ಶಿಕ್ಷಣವನ್ನು ಮುನ್ನೆಲೆಗೆ ತಂದಿದೆ. ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿಯೂ ಅದರಲ್ಲಿದೆ. ಬೆಂಗಳೂರಿನ ಹೊರವಲಯದ ಮಟ್ಟಿಗೆ ಆ ಮೂರು ತಿಂಗಳಲ್ಲಿ ಕೆಲವು ವಾರಗಳನ್ನಾದರೂ ಇಎಸ್‌ಐ ಚಿಕಿತ್ಸಾಲಯದಲ್ಲಿ, ಕಾರ್ಖಾನೆ ವೈದ್ಯಾಧಿಕಾರಿಯ ಜೊತೆಯಲ್ಲಿ ಕಳೆಯುವಂತೆ ಮಾಡಿ, ಔದ್ಯೋಗಿಕ ಇತಿಹಾಸ ಕೇಳುವುದನ್ನು ನೋಡಿ ಅಂಕ ಕೊಡುವ ಕೆಲಸಗಳ ಪಟ್ಟಿಗೆ ಸೇರಿಸಬಹುದು. ಅಡ್ಡಿಯಿರುವುದು ಗುರುಗಳ ಸಮಯದಲ್ಲಿ. ಅಧ್ಯಾಪಕರ ಬಡ್ತಿಗೆ ಪ್ರಕಟಿತ ಪ್ರಬಂಧಗಳನ್ನು ಎಣಿಸುವ ವ್ಯವಸ್ಥೆ, ರೋಗಿಯ ಹಾಸಿಗೆಯ ಪಕ್ಕ ನಿಂತು ಶಿಷ್ಯರ ಕೆಲಸ ನೋಡಿದ ಗಂಟೆಗಳನ್ನು ಎಣಿಸುವುದಿಲ್ಲ. ಮುಂದಿನ ತಿದ್ದುಪಡಿ ಆಗಬೇಕಾದದ್ದು ಪಠ್ಯಕ್ರಮದಲ್ಲಲ್ಲ, ಈ ಬಡ್ತಿ ನಿಯಮದಲ್ಲಿ.