ಪುಣೆಯಿಂದ ಬಂದ ಎರಡು ಕನ್ನಡ

ಪರಿಚಯದ ಪ್ರಕಾಶಕರೊಬ್ಬರು ಹಳೆಯ ಸಿಡಿಯೊಂದನ್ನು ತಂದುಕೊಟ್ಟರು. ಅವರು 1998ರಲ್ಲಿ ಅಚ್ಚು ಹಾಕಿಸಿದ ಕಾದಂಬರಿಯ ಡಿಟಿಪಿ ಫೈಲು ಅದರಲ್ಲಿತ್ತು. ಈಗ ಇ-ಪುಸ್ತಕ ಮಾಡಬೇಕಂತೆ. ಫೈಲು ತೆರೆಯಿತು, ಕನ್ನಡ ಕಾಣಲಿಲ್ಲ. ಪರದೆ ತುಂಬ ತಲೆಯ ಮೇಲೆ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು. "ಸಿಡಿ ಕೆಟ್ಟಿದೆಯೇ?" ಎಂದು ಕೇಳಿದರು. ಸಿಡಿ ಸರಿಯಾಗಿಯೇ ಇತ್ತು.

ಕನ್ನಡದ ಅಚ್ಚಿನ ಕೆಲಸ ಕನ್ನಡ ನಾಡಿನ ಹೊರಗೆ ನಡೆಯುವುದು ಹೊಸದೇನಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಬಂಗಾಳದ ಸೆರಾಂಪುರದಲ್ಲಿ. ಕಂಪ್ಯೂಟರ್ ಕಾಲದಲ್ಲಿ ಅಂಥ ಪಾತ್ರ ಪುಣೆಗೆ ಬಂತು. ವಿಚಿತ್ರವೆಂದರೆ, ಆ ಒಂದೇ ಊರಿನಿಂದ ಎರಡು ಬಗೆಯ ಕನ್ನಡ ಬಂದವು. ಅವೆರಡಕ್ಕೂ ಆಗಿಬರಲಿಲ್ಲ.

ಮೊದಲನೆಯದು ಸರ್ಕಾರದ್ದು. ಅಮೆರಿಕ ಸೂಪರ್‌ಕಂಪ್ಯೂಟರ್ ಕೊಡಲು ಒಪ್ಪದಿದ್ದಾಗ ನಮ್ಮದೇ ಒಂದನ್ನು ಕಟ್ಟಲು 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಶುರುವಾಯಿತು. ಕಾನ್ಪುರದ ಐಐಟಿಯಲ್ಲಿ ಮೊಳೆತಿದ್ದ ಜಿಸ್ಟ್ ಎಂಬ ಲಿಪಿ ತಂತ್ರಜ್ಞಾನವೂ ಅಲ್ಲಿಗೇ ಬಂತು. ಜಿಸ್ಟ್ ಕಾರ್ಡನ್ನು ಪಿಸಿಯೊಳಗೆ ಸಿಕ್ಕಿಸಿದರೆ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಅದರ ಹಿಂದಿದ್ದ ಸಂಕೇತಕ್ರಮ ಇಸ್ಕಿ, 1991ರಲ್ಲಿ ಭಾರತೀಯ ಮಾನಕವಾಯಿತು. ಇಸ್ಕಿ ಉಳಿಸಿಡುತ್ತಿದ್ದದ್ದು ಅಕ್ಷರದ ಆಕಾರವನ್ನಲ್ಲ, ಅಕ್ಷರವನ್ನು. ಕನ್ನಡದ 'ಕ', ದೇವನಾಗರಿಯ 'ಕ' ಎರಡಕ್ಕೂ ಒಂದೇ ಸಂಖ್ಯೆ. ತೋರಿಸುವ ಲಿಪಿ ಮಾತ್ರ ಬೇರೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸಿಕ್ಕ 128 ಮನೆಗಳ ಜೋಡಣೆಗೂ ಇಸ್ಕಿಯ 1988ರ ರೂಪವೇ ಆಧಾರ.

ಪ್ರಕಾಶಕರು ಇದನ್ನು ಹಿಡಿಯಲಿಲ್ಲ. ಅವರ ಕೆಲಸವೆಲ್ಲ ಪೇಜ್‌ಮೇಕರಿನಲ್ಲಿ. ಅದಕ್ಕೆ ಗೊತ್ತಿದ್ದದ್ದು 256 ಮನೆಗಳ ಇಂಗ್ಲಿಷ್ ಫಾಂಟು ಮಾತ್ರ. ಒತ್ತು, ಗುಣಿತ ಅದಕ್ಕೆ ಅರ್ಥವಾಗುತ್ತಿರಲಿಲ್ಲ. ಆಗ ಪುಣೆಯದೇ ಖಾಸಗಿ ಕಂಪನಿ ಮಾಡ್ಯುಲರ್ ಇನ್ಫೋಟೆಕ್ ತನ್ನ ಶ್ರೀಲಿಪಿಯಲ್ಲಿ ಎರಡನೆಯ ದಾರಿ ಹಿಡಿಯಿತು: ಕನ್ನಡವನ್ನು ತುಂಡು ಮಾಡು, ತಲೆಕಟ್ಟು, ಕೊಂಬು, ಒತ್ತುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸು. ಪೇಜ್‌ಮೇಕರಿಗೆ ಅದು ಇಂಗ್ಲಿಷೇ. ಕಾಗದದ ಮೇಲೆ ಮಾತ್ರ ಅಂದವಾದ ಕನ್ನಡ. ಒಂದು ರೀತಿಯಲ್ಲಿ ಇದು ಹಳೆಯ ಮೊಳೆ ಜೋಡಿಸುವ ಬುದ್ಧಿಯೇ. ಆಮೇಲೆ ಬಂದ ಬರಹ, ನುಡಿಗಳೂ ಮೊದಲು ಹಿಡಿದದ್ದು ಇದೇ ದಾರಿ, ಆದರೆ ಅವುಗಳ ಮನೆಗಳ ಹಂಚಿಕೆ ಬೇರೆ.

ಇದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಎರಡು ಮೇಜು, ಒಂದು ಪ್ರಿಂಟರ್ ಇದ್ದ ಕೋಣೆಗಳಿಂದ ಎಷ್ಟು ಕಥಾಸಂಕಲನಗಳು, ಸ್ಮರಣಸಂಚಿಕೆಗಳು ಹೊರಬಂದವು! ಮೊಳೆಯ ಕಾಲದಲ್ಲಿ ಅಚ್ಚಿಗೆ ದುಡ್ಡು ಹೊಂದಿಸಲಾಗದವರು ಪುಸ್ತಕ ಕಂಡರು.

ಲೆಕ್ಕ ಚುಕ್ತಾ ಮಾಡುವ ಹೊತ್ತು ಬಂದದ್ದು ನಂತರ. 2001ರ ವಿಂಡೋಸ್ ಎಕ್ಸ್‌ಪಿ ಯೂನಿಕೋಡ್ ಕನ್ನಡವನ್ನು ತಾನೇ ತೋರಿಸತೊಡಗಿತು. ಡಿಟಿಪಿ ಕೋಣೆ ಮಾತ್ರ ಮುಂದೆಯೂ ಬಹುಕಾಲ ತುಂಡು ಅಕ್ಷರದಲ್ಲೇ ಉಳಿಯಿತು. ಆ ಫೈಲುಗಳಲ್ಲಿ ಹುಡುಕಲಾಗದು, ಅವನ್ನು ಫೋನಿನಲ್ಲಿ ಓದಲಾಗದು. ಪರಿವರ್ತಕಗಳಿವೆ, ನಿಜ, ಆದರೆ ಅರ್ಕಾವೊತ್ತಿನ ಹತ್ತಿರ ಎಡವುತ್ತವೆ. 'ಸೂರ್ಯ'ದಲ್ಲಿ ಉಚ್ಚಾರಕ್ಕೆ 'ರ್' ಮೊದಲು, ಕಾಗದದಲ್ಲಿ ಅದರ ಗುರುತು ಕೊನೆಗೆ. ತುಂಡು ಅಕ್ಷರದ ಫೈಲಿನಲ್ಲಿ ಕಾಗದದ ಕ್ರಮ, ಯೂನಿಕೋಡಿನಲ್ಲಿ ಬಾಯಿಯ ಕ್ರಮ. ಸೊನ್ನೆಯದು ಇನ್ನೂ ಕಳ್ಳತನ: ಅಂಕಿಯ ಸೊನ್ನೆಯನ್ನು ಅನುಸ್ವಾರದ ಜಾಗದಲ್ಲಿ ಕುಟ್ಟಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಹುಡುಕಿದರೆ ಪದವೇ ಸಿಗುವುದಿಲ್ಲ.

ನನ್ನ ಪ್ರಕಾಶಕರ ಕಾದಂಬರಿ ಪರಿವರ್ತನೆಯಾಗಿದೆ. ಅವರ ಹತ್ತಿರ ಉಳಿದ ಒಂದೇ ಅಚ್ಚಿನ ಪ್ರತಿಯನ್ನು ಪಕ್ಕಕ್ಕಿಟ್ಟುಕೊಂಡು, ಮೊದಲ ಪುಟದಿಂದ ಮತ್ತೆ ಕರಡು ತಿದ್ದುತ್ತಿದ್ದಾರೆ. ಅವರ ಕಪಾಟಿನಲ್ಲಿ ಇಂಥ ಸಿಡಿಗಳು ಇನ್ನೂ ಮೂವತ್ತೊಂದಿವೆ.