ವಾಹನದ ಸ್ಥಿರ ಗಾಜು: ದುರಸ್ತಿ ಎಲ್ಲಿಯವರೆಗೆ, ಬದಲಾವಣೆ ಹೇಗೆ?

ಉಡುಪಿ ಸಮೀಪದ ಕೆಮ್ಮಣ್ಣು ಸ್ವರ್ಣಾ ನದಿಯ ದಡದಲ್ಲಿ, ಅರಬ್ಬೀ ಸಮುದ್ರಕ್ಕೆ ಹತ್ತಿರವಾಗಿರುವ ಊರು. ಸಂತೆಕಟ್ಟೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ಬಿಟ್ಟು ನೇಜಾರು ಮಾರ್ಗವಾಗಿ ಇಲ್ಲಿಗೆ ಬರುವ, ಇಲ್ಲಿಂದ ಹೂಡೆ, ಕೋಡಿ ಬೆಂಗ್ರೆಯತ್ತ ಸಾಗುವ ವಾಹನಗಳ ಗಾಜಿಗೆ ಎರಡು ಬಗೆಯ ಪೆಟ್ಟು ಬೀಳುತ್ತದೆ. ಹೆದ್ದಾರಿಯಲ್ಲಿ ಮುಂದಿನ ಲಾರಿಯ ಚಕ್ರದಿಂದ ಸಿಡಿಯುವ ಜಲ್ಲಿಕಲ್ಲು ಒಂದು. ವರ್ಷವಿಡೀ ಬೀಸುವ ಉಪ್ಪುಗಾಳಿ ಮತ್ತು ವರ್ಷಕ್ಕೆ ಸುಮಾರು 4000 ಮಿ.ಮೀ. ಸುರಿಯುವ ಕರಾವಳಿಯ ಮಳೆ ಇನ್ನೊಂದು. ಮೊದಲನೆಯದು ಗಾಜನ್ನು ಒಡೆಯುತ್ತದೆ. ಎರಡನೆಯದು ಆ ಗಾಜನ್ನು ಹಿಡಿದಿಟ್ಟಿರುವ ಲೋಹದ ಚೌಕಟ್ಟನ್ನು ಸದ್ದಿಲ್ಲದೆ ತಿನ್ನುತ್ತದೆ.

ಗಾಜು ಒಡೆದಾಗ ವಾಹನ ಮಾಲೀಕರು ಸಾಮಾನ್ಯವಾಗಿ ವಿಚಾರಿಸುವುದು ಗಾಜಿನ ಬೆಲೆಯನ್ನು ಮತ್ತು ವಾಹನ ಎಷ್ಟು ಬೇಗ ಕೈಗೆ ಸಿಗುತ್ತದೆ ಎಂಬುದನ್ನು. ಆದರೆ ಅಪಘಾತದ ಸಂದರ್ಭದಲ್ಲಿ ಪ್ರಯಾಣಿಕರ ರಕ್ಷಣೆಯನ್ನು ನಿರ್ಧರಿಸುವುದು ಗಾಜಿನ ಗುಣಮಟ್ಟದಷ್ಟೇ ಅದನ್ನು ಕೂರಿಸಿದ ವಿಧಾನ. ಈ ಹಿನ್ನೆಲೆಯಲ್ಲಿ ಪ್ರತಿ ವಾಹನ ಮಾಲೀಕರೂ ತಿಳಿದಿರಬೇಕಾದ ಕೆಲವು ಅಂಶಗಳನ್ನು ಇಲ್ಲಿ ಸಂಗ್ರಹಿಸಲಾಗಿದೆ.

ಸ್ಥಿರ ಗಾಜು ಎಂದರೇನು?

ಬಾಗಿಲಿನಲ್ಲಿ ಏರಿಸಿ ಇಳಿಸುವ ಗಾಜನ್ನು ಹೊರತುಪಡಿಸಿ, ವಾಹನದ ಕವಚಕ್ಕೆ ಶಾಶ್ವತವಾಗಿ ಜೋಡಿಸಿದ ಗಾಜುಗಳೆಲ್ಲ ಸ್ಥಿರ ಗಾಜುಗಳು. ಮುಂದಿನ ವಿಂಡ್‌ಶೀಲ್ಡ್, ಹೆಚ್ಚಿನ ಕಾರುಗಳ ಹಿಂದಿನ ಗಾಜು, ಹಿಂಬದಿಯ ಮೂಲೆಯ ಸಣ್ಣ ಗಾಜು, ಹವಾನಿಯಂತ್ರಿತ ಬಸ್ಸುಗಳ ಪಕ್ಕದ ದೊಡ್ಡ ಗಾಜುಗಳು ಈ ಗುಂಪಿಗೆ ಸೇರುತ್ತವೆ.

ಇವುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಎರಡು ತೆಳು ಗಾಜುಗಳ ನಡುವೆ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಪಾರದರ್ಶಕ ಪದರವನ್ನಿಟ್ಟು ಬೆಸೆದದ್ದು ಲ್ಯಾಮಿನೇಟೆಡ್ ಗಾಜು. ಅದು ಒಡೆದರೂ ಚೂರುಗಳು ಪದರಕ್ಕೆ ಅಂಟಿಕೊಂಡೇ ಇರುತ್ತವೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಎಡ್ವರ್ಡ್ ಬೆನೆಡಿಕ್ಟಸ್ 1909ರಲ್ಲಿ ಈ ಬಗೆಯ ಗಾಜಿಗೆ ಪೇಟೆಂಟ್ ಪಡೆದರು. ಸೆಲ್ಯುಲೋಸ್ ನೈಟ್ರೇಟಿನ ಲೇಪ ಒಳಗೆ ಒಣಗಿ ಉಳಿದಿದ್ದ ಗಾಜಿನ ಪಾತ್ರೆಯೊಂದು ಕೆಳಗೆ ಬಿದ್ದು ಬಿರಿದರೂ ಚೂರಾಗದೆ ಇದ್ದುದೇ ಅವರಿಗೆ ಸುಳಿವಾಯಿತು. ಎರಡನೆಯದು ಟೆಂಪರ್ಡ್ ಗಾಜು. ಇದನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿ ಒಮ್ಮೆಲೇ ಗಾಳಿಯಿಂದ ತಣಿಸಲಾಗುತ್ತದೆ. ಸಾಮಾನ್ಯ ಗಾಜಿಗಿಂತ ಗಟ್ಟಿಯಾದರೂ ಒಡೆದಾಗ ಇಡೀ ಗಾಜು ಕಲ್ಲುಸಕ್ಕರೆಯ ಹರಳಿನಂತೆ ಉದುರಿಹೋಗುತ್ತದೆ. ಆದ್ದರಿಂದ ಟೆಂಪರ್ಡ್ ಗಾಜಿಗೆ ದುರಸ್ತಿ ಎಂಬುದಿಲ್ಲ, ಬದಲಾವಣೆ ಮಾತ್ರ.

ಕಾನೂನು ಏನು ಹೇಳುತ್ತದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ವಾಹನದ ಗಾಜುಗಳಿಗೆ ಸಂಬಂಧಿಸಿದ್ದು. ಅದರ ಪ್ರಕಾರ ವಾಹನಗಳಿಗೆ ಸುರಕ್ಷಾ ಗಾಜನ್ನೇ ಅಳವಡಿಸತಕ್ಕದ್ದು ಹಾಗೂ ವಿಂಡ್‌ಶೀಲ್ಡ್ ಲ್ಯಾಮಿನೇಟೆಡ್ ಆಗಿರತಕ್ಕದ್ದು. ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇ. 70ರಷ್ಟು, ಪಕ್ಕದ ಗಾಜುಗಳು ಕನಿಷ್ಠ ಶೇ. 50ರಷ್ಟು ಬೆಳಕನ್ನು ಒಳಬಿಡಬೇಕು. ಗಾಜಿನ ಮೂಲೆಯಲ್ಲಿ ತಯಾರಕರ ಹೆಸರು ಮತ್ತು ಮಾನಕದ ಗುರುತು ಅಚ್ಚಾಗಿರುತ್ತದೆ. ಭಾರತೀಯ ಮಾನಕದ ಸಂಖ್ಯೆ ಐಎಸ್ 2553. ಹೊಸ ಗಾಜನ್ನು ಕೂರಿಸುವ ಮೊದಲೇ ಈ ಗುರುತನ್ನು ನೋಡಿಕೊಳ್ಳುವುದು ಗ್ರಾಹಕರ ಹಕ್ಕು.

ದುರಸ್ತಿ ಸಾಧ್ಯವಿರುವುದು ಯಾವಾಗ?

ವಿಂಡ್‌ಶೀಲ್ಡಿಗೆ ಕಲ್ಲು ತಗುಲಿ ಹೊರಗಿನ ಪದರ ಮಾತ್ರ ಚಕ್ಕೆ ಎದ್ದಿದ್ದರೆ ದುರಸ್ತಿ ಸಾಧ್ಯ. ಗಾಯದ ಒಳಗಿನ ಗಾಳಿಯನ್ನು ಹೀರಿ ತೆಗೆದು, ದ್ರವರೂಪದ ರೆಸಿನ್ ತುಂಬಿ, ನೇರಳಾತೀತ ದೀಪದಿಂದ ಗಟ್ಟಿಗೊಳಿಸುವುದು ಇದರ ಕ್ರಮ. ಗುರುತು ಪೂರ್ಣವಾಗಿ ಮಾಯವಾಗದಿದ್ದರೂ ಬಿರುಕು ಹರಡುವುದು ನಿಲ್ಲುತ್ತದೆ. ಗಾಯ ಒಂದು ನಾಣ್ಯದಷ್ಟು ಚಿಕ್ಕದಾಗಿರಬೇಕು, ಚಾಲಕನ ನೇರ ದೃಷ್ಟಿಯ ಭಾಗದಲ್ಲಿ ಇರಬಾರದು, ಗಾಜಿನ ಅಂಚನ್ನು ಮುಟ್ಟಿರಬಾರದು, ಒಳಪದರಕ್ಕೆ ಇಳಿದಿರಬಾರದು ಎಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ. ಇದನ್ನು ಮೀರಿದರೆ ಗಾಜು ಬದಲಿಸುವುದೇ ಕ್ಷೇಮ.

ಕರಾವಳಿಯಲ್ಲಿ ವಿಳಂಬವೇ ದೊಡ್ಡ ಶತ್ರು. ಚಕ್ಕೆ ಎದ್ದ ಜಾಗಕ್ಕೆ ಮಳೆನೀರು, ಧೂಳು ಸೇರಿದರೆ ರೆಸಿನ್ ಸರಿಯಾಗಿ ಹಿಡಿಯದು. ಪೆಟ್ಟು ಬಿದ್ದ ಕೂಡಲೇ ಪಾರದರ್ಶಕ ಟೇಪು ಅಂಟಿಸಿ, ಮೊದಲ ಅವಕಾಶದಲ್ಲೇ ದುರಸ್ತಿ ಮಾಡಿಸಬೇಕು. ಬಿಸಿಲಿಗೆ ಕಾದ ಗಾಜಿಗೆ ತಣ್ಣೀರು ಎರಚುವುದು, ಏಸಿಯ ತಂಪನ್ನು ನೇರವಾಗಿ ಹಾಯಿಸುವುದು ಬಿರುಕನ್ನು ಉದ್ದಗೊಳಿಸಬಲ್ಲದು.

ರಬ್ಬರ್ ಬೀಡಿಂಗ್ ಮತ್ತು ಅಂಟು

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದ ಕಾರುಗಳಲ್ಲಿ ಗಾಜನ್ನು ಹಿಡಿಯುತ್ತಿದ್ದುದು ರಬ್ಬರ್ ಬೀಡಿಂಗ್. ಇಂದಿಗೂ ಅನೇಕ ಬಸ್ಸು, ಲಾರಿಗಳಲ್ಲಿ ಇದೇ ಪದ್ಧತಿ ಇದೆ. ಗಾಜಿನ ಸುತ್ತ ರಬ್ಬರ್ ತೊಡಿಸಿ, ಅದರ ಸೀಳಿನಲ್ಲಿ ಹುರಿಯನ್ನಿಟ್ಟು, ಹೊರಗಿನಿಂದ ಒಬ್ಬರು ಗಾಜನ್ನು ಒತ್ತುತ್ತಿದ್ದಂತೆ ಒಳಗಿನಿಂದ ಇನ್ನೊಬ್ಬರು ಹುರಿ ಎಳೆದರೆ ರಬ್ಬರಿನ ಅಂಚು ಚೌಕಟ್ಟಿನ ಮೇಲೆ ಕೂರುತ್ತದೆ. ಕೆಲಸ ಮುಗಿದ ಕೂಡಲೇ ವಾಹನ ಹೊರಡಬಹುದು.

ಈಗಿನ ಕಾರುಗಳಲ್ಲಿ ವಿಂಡ್‌ಶೀಲ್ಡನ್ನು ಪಾಲಿಯುರೆಥೇನ್ ಅಂಟಿನಿಂದ ನೇರವಾಗಿ ಲೋಹದ ಚೌಕಟ್ಟಿಗೆ ಬೆಸೆಯಲಾಗುತ್ತದೆ. ಇಲ್ಲಿ ಗಾಜು ಕೇವಲ ಗಾಳಿ ಮಳೆಯ ತಡೆಯಲ್ಲ, ಕವಚದ ಒಂದು ಅಂಗ. ವಾಹನ ಮಗುಚಿದಾಗ ಛಾವಣಿಗೆ ಆಸರೆಯಾಗುವುದರಲ್ಲಿ ಅದಕ್ಕೂ ಪಾಲಿದೆ. ಅನೇಕ ಕಾರುಗಳಲ್ಲಿ ಮುಂದಿನ ಪ್ರಯಾಣಿಕರ ಏರ್‌ಬ್ಯಾಗ್ ಮೇಲ್ಮುಖವಾಗಿ ಉಬ್ಬಿ ವಿಂಡ್‌ಶೀಲ್ಡಿಗೆ ಒರಗಿಯೇ ಪ್ರಯಾಣಿಕರತ್ತ ತಿರುಗುತ್ತದೆ. ಅಂಟು ಗಟ್ಟಿಯಾಗಿರದಿದ್ದರೆ ಗಾಜು ಹೊರಕ್ಕೆ ಚಿಮ್ಮಿ, ಏರ್‌ಬ್ಯಾಗ್ ಇದ್ದೂ ಇಲ್ಲದಂತಾಗುತ್ತದೆ.

ಸರಿಯಾದ ಕ್ರಮ ಯಾವುದು?

ಹಳೆಯ ಗಾಜನ್ನು ತಂತಿ ಅಥವಾ ಬ್ಲೇಡಿನಿಂದ ಕತ್ತರಿಸಿ ತೆಗೆದ ಮೇಲೆ ಹಳೆಯ ಅಂಟನ್ನು ಒಂದೆರಡು ಮಿಲಿಮೀಟರ್ ದಪ್ಪಕ್ಕೆ ಸವರಿ ಉಳಿಸಬೇಕು. ಅದರ ಮೇಲೆ ಹೊಸ ಅಂಟು ಚೆನ್ನಾಗಿ ಹಿಡಿಯುತ್ತದೆ. ಬ್ಲೇಡು ತಾಗಿ ಬಣ್ಣ ಕಿತ್ತ ಜಾಗಗಳಿಗೆ ಪ್ರೈಮರ್ ಹಚ್ಚಲೇಬೇಕು. ಉಪ್ಪುಗಾಳಿಯ ಊರುಗಳಲ್ಲಿ ಈ ಒಂದು ಹಂತವನ್ನು ಬಿಟ್ಟರೆ ಅಂಟಿನ ಅಡಿಯಲ್ಲೇ ತುಕ್ಕು ಹಬ್ಬುತ್ತದೆ. ಹೊರಗಿನಿಂದ ಏನೂ ಕಾಣದು. ಕೆಲವು ಮಳೆಗಾಲಗಳ ಬಳಿಕ ಕಾಲಡಿಯ ಮ್ಯಾಟ್ ಒದ್ದೆಯಾದಾಗಲೇ ವಿಷಯ ತಿಳಿಯುವುದು. ಚೌಕಟ್ಟಿನಲ್ಲಿ ಈಗಾಗಲೇ ತುಕ್ಕಿದ್ದರೆ ಅದನ್ನು ಉಜ್ಜಿ ತೆಗೆದು, ಬಣ್ಣ ಬಳಿದು ಒಣಗಿಸಿದ ಬಳಿಕವೇ ಗಾಜು ಕೂರಿಸತಕ್ಕದ್ದು.

ಗಾಜಿನ ಅಂಚಿನ ಕಪ್ಪು ಪಟ್ಟಿ ಅಲಂಕಾರಕ್ಕಾಗಿ ಇರುವುದಲ್ಲ. ಸೂರ್ಯನ ನೇರಳಾತೀತ ಕಿರಣಗಳಿಂದ ಅಂಟು ಕೆಡದಂತೆ ಅದು ಕಾಯುತ್ತದೆ. ಪಾಲಿಯುರೆಥೇನ್ ಬದಲಿಗೆ ಅಗ್ಗದ ಸಿಲಿಕಾನ್ ಸೀಲಂಟ್ ಬಳಸಲು ಒಪ್ಪಬಾರದು. ಅದು ನೀರನ್ನು ತಡೆದೀತು, ಗಾಜಿನ ಭಾರವನ್ನೂ ಅಪಘಾತದ ಹೊಡೆತವನ್ನೂ ತಡೆಯದು.

ಮಳೆಗಾಲದ ಬಗ್ಗೆ ಒಂದು ವಿಶೇಷವಿದೆ. ಸಾಮಾನ್ಯವಾಗಿ ಬಳಸುವ ಪಾಲಿಯುರೆಥೇನ್ ಅಂಟು ಗಟ್ಟಿಯಾಗುವುದು ಗಾಳಿಯ ತೇವಾಂಶವನ್ನು ಹೀರಿಯೇ. ಹಾಗಾಗಿ ತೇವದ ಹವೆ ಅದಕ್ಕೆ ಅನುಕೂಲ. ಆದರೆ ಅಂಟು ಹಚ್ಚುವ ಮೇಲ್ಮೈಯ ಮೇಲೆ ಒಂದು ಹನಿ ನೀರಿದ್ದರೂ ಬೆಸುಗೆ ಹಾಳು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸವನ್ನು ಬಯಲಿನಲ್ಲಿ ಮಾಡಿಸದೆ ಮಾಡಿನಡಿಯಲ್ಲೇ ಮಾಡಿಸಬೇಕು.

ಎಷ್ಟು ಹೊತ್ತು ಕಾಯಬೇಕು?

ಅಂಟು ಹೊರಮೈಯಿಂದ ಒಳಕ್ಕೆ ದಿನಕ್ಕೆ ಕೆಲವೇ ಮಿಲಿಮೀಟರಿನಂತೆ ಗಟ್ಟಿಯಾಗುತ್ತದೆ. ವಾಹನವನ್ನು ರಸ್ತೆಗೆ ಇಳಿಸಲು ಬೇಕಾದ ಕನಿಷ್ಠ ಅವಧಿ ಅಂಟಿನ ಜಾತಿಯನ್ನು ಅನುಸರಿಸಿ ಸುಮಾರು ಒಂದು ಗಂಟೆಯಿಂದ ಇಡೀ ದಿನದವರೆಗೆ ಇರಬಹುದು. ಅದು ತಯಾರಕರ ಸೂಚನೆಗಳಲ್ಲಿ ನಮೂದಾಗಿರುತ್ತದೆ, ಕೇಳಿ ತಿಳಿಯಬೇಕು. ಮೊದಲ ದಿನ ಒಂದು ಕಿಟಕಿಯನ್ನು ತುಸು ತೆರೆದಿಡುವುದು, ಬಾಗಿಲನ್ನು ರಭಸದಿಂದ ಮುಚ್ಚದಿರುವುದು, ಒಂದೆರಡು ದಿನ ಪಂಪಿನ ನೀರಿನಿಂದ ತೊಳೆಯದಿರುವುದು ಅಗತ್ಯ.

ಕನ್ನಡಿಯ ಹಿಂದೆ ಚಾಲಕ ಸಹಾಯಕ ಕ್ಯಾಮೆರಾ ಇರುವ ಹೊಸ ಕಾರುಗಳಲ್ಲಿ ಗಾಜು ಬದಲಿಸಿದ ಬಳಿಕ ಕ್ಯಾಮೆರಾವನ್ನು ಮರುಹೊಂದಿಸಬೇಕಾಗುತ್ತದೆ. ಹಳೆಯ ಗಾಜಿನೊಂದಿಗೆ ಫಾಸ್ಟ್ಯಾಗ್ ಕೂಡ ಹೋಗುತ್ತದೆ. ಕಿತ್ತು ಮತ್ತೆ ಅಂಟಿಸಲು ಬಾರದು. ಸಾಸ್ತಾನ ಅಥವಾ ಹೆಜಮಾಡಿ ಟೋಲ್‌ನಲ್ಲಿ ತೊಂದರೆಯಾಗದಂತೆ ಬ್ಯಾಂಕಿನಿಂದ ಮೊದಲೇ ಬದಲಿ ಟ್ಯಾಗ್ ಪಡೆಯುವುದು ಒಳಿತು.

ರಾತ್ರಿ ಬಸ್ಸುಗಳ ಗಾಜು

ಕರಾವಳಿಯಿಂದ ಬೆಂಗಳೂರಿಗೆ ಹೋಗುವ ಹವಾನಿಯಂತ್ರಿತ ಬಸ್ಸುಗಳಲ್ಲಿ ಪಕ್ಕದ ಗಾಜು ತೆರೆಯುವುದಿಲ್ಲ. ತುರ್ತು ಸಂದರ್ಭದಲ್ಲಿ ಸುತ್ತಿಗೆಯಿಂದ ಒಡೆದು ಹೊರಬರಲು ಅನುಕೂಲವಾಗುವುದು ಟೆಂಪರ್ಡ್ ಗಾಜು. ಒಡೆದ ಗಾಜಿನ ಜಾಗಕ್ಕೆ ಲ್ಯಾಮಿನೇಟೆಡ್ ಗಾಜು ಅಥವಾ ತಗಡು ಕೂರಿಸಿದರೆ ಆ ದಾರಿ ಮುಚ್ಚಿದಂತೆ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಪಾಲೆಂ ಬಳಿ ಹೊತ್ತಿ ಉರಿದು 45 ಮಂದಿ, ಎರಡೇ ವಾರಗಳಲ್ಲಿ ಹಾವೇರಿ ಬಳಿ ಇನ್ನೊಂದು ಬಸ್ಸಿನಲ್ಲಿ 7 ಮಂದಿ ಅಸುನೀಗಿದರು. ಹೊರಬರುವ ದಾರಿ ಎಷ್ಟು ಅಮೂಲ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ವಿಮೆಯ ಲೆಕ್ಕ

ಸ್ವಂತ ಹಾನಿಯನ್ನೂ ಒಳಗೊಂಡ ಸಮಗ್ರ ವಿಮೆ ಇದ್ದರೆ ಗಾಜಿಗೆ ಸವಕಳಿ ಕಡಿತವಿಲ್ಲ. ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳಿಗೆ ಶೇ. 50ರಷ್ಟು ಕಡಿತ ಉಂಟು. ಖಾಸಗಿ ಕಾರಿನ ಮಾಲೀಕರು ಎಂಜಿನ್ 1500 ಸಿಸಿವರೆಗೆ ಇದ್ದರೆ 1000 ರೂ., ಅದಕ್ಕೂ ಮೇಲಿದ್ದರೆ 2000 ರೂ. ಕಡ್ಡಾಯವಾಗಿ ಭರಿಸಬೇಕು. ಪರಿಹಾರ ಪಡೆದರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ ತಪ್ಪಬಹುದು. ಹೀಗಾಗಿ ಸಣ್ಣ ಚಕ್ಕೆಯ ದುರಸ್ತಿಯನ್ನು ಕೈಯಿಂದಲೇ ಭರಿಸುವುದು ಬಹುತೇಕ ಲಾಭಕರ. ಮೂರನೇ ವ್ಯಕ್ತಿಯ ವಿಮೆ ಮಾತ್ರ ಇರುವವರಿಗೆ ಗಾಜಿನ ಪರಿಹಾರ ದೊರೆಯದು.

ಒಟ್ಟಿನಲ್ಲಿ ವಾಹನವನ್ನು ಗ್ಯಾರೇಜಿಗೆ ಒಪ್ಪಿಸುವ ಮೊದಲು ನಾಲ್ಕು ಪ್ರಶ್ನೆ ಕೇಳಬೇಕು: ಗಾಜಿನ ಮೇಲೆ ಮಾನಕದ ಗುರುತು ಇದೆಯೇ? ಬಳಸುವ ಅಂಟು ಯಾವುದು, ಅದರ ಅವಧಿ ಮೀರಿಲ್ಲವೇ? ಚೌಕಟ್ಟಿಗೆ ಪ್ರೈಮರ್ ಹಚ್ಚುತ್ತಾರೆಯೇ? ವಾಹನವನ್ನು ಎಷ್ಟು ಗಂಟೆಗಳ ಬಳಿಕ ಚಲಾಯಿಸಬಹುದು? ಕೊನೆಯ ಪ್ರಶ್ನೆಗೆ ‘ಈಗಲೇ ತೆಗೆದುಕೊಂಡು ಹೋಗಿ’ ಎಂಬ ಉತ್ತರ ಬಂದರೆ, ಅಂಟಿನ ಗಾಜಿನ ಮಟ್ಟಿಗೆ ಅದು ಸರಿಯಾದ ಉತ್ತರವಲ್ಲ.